ಎರಡು ಉಸಿರಿನ ಚಿತ್ರ

“ಹಕ್ಕೀನ ನೋಡ್ಬೇಡ. ಗೋಡೆ ನೋಡು,” ಅಂದರು ಅತ್ತಿಗೆ.

ನೋಡಿದೆ. ಪರದೆಯ ಮೇಲೆ ಇಟ್ಟಿಗೆ ಗೋಡೆ. ಅದರ ಮುಂದೆ ಜಲ್ಲಿ ಹರಡಿದ ಅಂಚು. ಅಂಚಿನ ಮೇಲೆ ರೆಕ್ಕೆ ಮಡಚಿ ಕೂತ ಬೇಟೆಹಕ್ಕಿ, ಡೇಗೆ. ಈ ಚಿತ್ರವನ್ನು ನೋಡಿ ನೋಡಿ ನನ್ನ ಕಣ್ಣು ಸೋತಿತ್ತು.

“ಗೋಡೇಲಿ ಏನಿದೆ ಅತ್ತಿಗೆ? ಇಟ್ಟಿಗೆ ಇದೆ.”

“ರೆಪ್ಪೆ ಹೊಡೀದೆ ನೋಡ್ತಿರು.”

ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಇಟ್ಟಿಗೆಗಳ ಒರಟು ಮೈ ಸ್ವಲ್ಪ ಸ್ವಲ್ಪವೇ ಮಸುಕಾಗುತ್ತ ಬಂದು ಒಮ್ಮೆಲೇ ಚೊಕ್ಕವಾಯಿತು. ಮತ್ತೆ ಮಸುಕು. ಮತ್ತೆ ಚೊಕ್ಕ. ಒಂದೇ ಸಮನೆ, ನಿದ್ದೆ ಹೋದವರ ಎದೆಯಂತೆ.

“ಗೋಡೆ ಉಸಿರಾಡ್ತಿದೆ,” ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು.

ಅತ್ತಿಗೆ ನಗಲಿಲ್ಲ. “ಪರವಾಗಿಲ್ಲ. ನಿಮ್ಮ ವಂಶದಲ್ಲಿ ಒಬ್ಬರಿಗಾದ್ರೂ ಕಣ್ಣಿದೆ,” ಅಂದರು.

ಹಳೆಯ ಹಿಟ್ಟಿನ ಗಿರಣಿಯ ಗೋಪುರದ ತುದಿಯಿಂದ, ಇಪ್ಪತ್ತು ಸಾವಿರ ಜನ ನೇರಪ್ರಸಾರ ನೋಡುತ್ತಿದ್ದಾಗಲೇ, ಕಾನೂನು ಕಾಪಾಡುವ ಹಕ್ಕಿಯಾದ ಡೇಗೆಯ ಮೂರು ಮೊಟ್ಟೆ ಕಾಣೆಯಾಗಿದ್ದವು. ಗೋಪುರ ಕಾಯುವ ನನ್ನ ಅಣ್ಣ ಲಾಕಪ್ಪಿನಲ್ಲಿದ್ದ. ಪೊಲೀಸ್ ಕಸ್ಟಡಿ ಮುಗಿದು, ನಾಳೆ ಬೆಳಿಗ್ಗೆ ಅವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸುವವರಿದ್ದರು.

ಪೊಲೀಸರ ಲೆಕ್ಕ ಸರಳವಾಗಿತ್ತು. ಸಂಜೆ ನಾಲ್ಕರವರೆಗೂ ಪರದೆಯ ಮೇಲೆ ಹಕ್ಕಿ ಮೊಟ್ಟೆಗಳ ಮೇಲೆ ಕೂತೇ ಇತ್ತು. ಆಗ ಚಿತ್ರ ತುಸು ಹೊತ್ತು ಸಿಕ್ಕಿಹಾಕಿಕೊಂಡಿತು. ನೆಟ್‌ವರ್ಕ್ ಕೈಕೊಟ್ಟಿತು ಎಂದು ನೋಡುಗರು ಗೊಣಗಿದರು. ಚಿತ್ರ ಮರಳಿದಾಗ ಹಕ್ಕಿ ಎದ್ದು ನಿಂತಿತ್ತು, ಜಲ್ಲಿ ಬರಿದಾಗಿತ್ತು. ಆ ಹೊತ್ತಿಗೆ ಗೋಪುರದಲ್ಲಿದ್ದವನು ಅಣ್ಣ ಒಬ್ಬನೇ. ಮಧ್ಯಾಹ್ನವೆಲ್ಲ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದ್ದು, ದವಡೆ ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಆಗಷ್ಟೇ ಬಂದಿದ್ದ.

ಅಂದರೆ ಕಳವು ನಾಲ್ಕಕ್ಕೆ ನಡೆದಿದ್ದರೆ ಕಳ್ಳ ಅಣ್ಣ. ಮಧ್ಯಾಹ್ನ ನಡೆದಿದ್ದರೆ ಅಣ್ಣ ಅಲ್ಲ. ಆದರೆ ಮಧ್ಯಾಹ್ನವೆಲ್ಲ ಹಕ್ಕಿ ಕೂತಿದ್ದಕ್ಕೆ ಇಪ್ಪತ್ತು ಸಾವಿರ ಸಾಕ್ಷಿಗಳಿದ್ದರು.

ವಿಮೆ ಕಂಪನಿಗಳಿಗೆ ಸುಳ್ಳು ಕ್ಲೇಮು ಹಿಡಿದುಕೊಡುವುದು ನನ್ನ ಹೊಟ್ಟೆಪಾಡು. ಒಬ್ಬ ಸಾಕ್ಷಿಯ ಸುಳ್ಳನ್ನು ಬಯಲಿಗೆಳೆಯುವುದು ಗೊತ್ತು. ಇಪ್ಪತ್ತು ಸಾವಿರ ಜನರನ್ನು ಏನು ಮಾಡಬೇಕು ಎಂಬುದು ಗೊತ್ತಿರಲಿಲ್ಲ.

ಅತ್ತಿಗೆಗೆ ಗೊತ್ತಿತ್ತು. ಆ ನೇರಪ್ರಸಾರವನ್ನು ಕಟ್ಟಿದ್ದೇ ಅವರು. ಬ್ಯಾಂಕಿನ ಮೇಲಿನ ಮಹಡಿಯ ಈ ಸ್ಟುಡಿಯೋದಿಂದ ಅವರು ಮದುವೆ, ಸಾವು, ಫುಟ್‌ಬಾಲ್ ಪಂದ್ಯ, ಕಂಪನಿಗಳ ಸಭೆ, ಎಲ್ಲವನ್ನೂ ವೆಬ್ಬಿಗೆ ಹತ್ತಿಸುತ್ತಾರೆ. ಅಳುವವರೂ ನಗುವವರೂ ಹೋಗುವುದು ಒಂದೇ ವೈರಿನಲ್ಲಿ ಎನ್ನುವುದು ಅವರ ಮಾತು.

“ಈ ಉಸಿರು ಏನು ಅಂತ ಹೇಳ್ತೀನಿ ಕೇಳು,” ಅಂದರು. “ಕ್ಯಾಮೆರಾ ಕಂಡಿದ್ದನ್ನೆಲ್ಲ ಕಳಿಸೋಕೆ ಹೋದ್ರೆ ಯಾವ ವೈರೂ ತಡ್ಕೊಳಲ್ಲ. ಅದಕ್ಕೇ ನಡುವೆ ಎನ್‌ಕೋಡರ್ ಅಂತ ಒಂದು ಪೆಟ್ಟಿಗೆ. ಅದು ಮೊದಲು ಒಂದು ಪೂರ್ತಿ ಚಿತ್ರ ಕಳಿಸತ್ತೆ. ಆಮೇಲೆ ಏನು ಬದಲಾಯ್ತೋ ಅಷ್ಟು ಮಾತ್ರ. ನಿಮ್ಮಣ್ಣ ಫೋನ್ ಮಾಡೋದಿಲ್ವಾ? ‘ಎಲ್ಲ ಹಾಗೇ ಇದೆ, ಬೆಕ್ಕು ಮರಿ ಹಾಕ್ತು.’ ಫೋನ್ ಇಟ್ರು. ಮುಗೀತು.”

“ಮಿಕ್ಕಿದ್ದು?”

“ಮಿಕ್ಕಿದ್ದನ್ನ ಹಿಂದಿನ ಚಿತ್ರದಿಂದ ತಗೋ ಅನ್ನತ್ತೆ. ಗೋಡೆ ಅಲ್ಲಾಡಿಲ್ಲ, ಹಳೇ ಗೋಡೆನೇ ಇಟ್ಕೋ. ಹಕ್ಕಿ ಕತ್ತು ತಿರುಗಿಸ್ತು, ಕತ್ತು ಮಾತ್ರ ಹೊಸದು ತಗೋ.”

ನಾನು ಪರದೆಯನ್ನೇ ನೋಡುತ್ತ ಕೂತೆ. ಇಷ್ಟು ದಿನ ಈ ಹಕ್ಕಿಯನ್ನು ಕಣ್ಣಾರೆ ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ನಿಜಕ್ಕೂ ನನಗೆ ಬರುತ್ತಿದ್ದುದು ಅದರ ಕಣ್ಣಿನ ಒಂದು ಹೊರಳು, ಕತ್ತಿನ ಗರಿಯ ಒಂದು ಕಂಪನ. ಉಳಿದ ಇಡೀ ಲೋಕ, ಗೋಡೆ, ಆಕಾಶ, ನೆರಳು, ಆಗಲೇ ಕೈಗೆ ಬಂದಿದ್ದದ್ದು. ಅಷ್ಟು ಕಡಿಮೆಯಿಂದ ಇಷ್ಟು ದೊಡ್ಡದನ್ನು ಕಟ್ಟಿ ಅದನ್ನು ‘ಈಗ’ ಎಂದು ನಂಬಿಸುವ ಯಂತ್ರವೊಂದು ಇದೆ, ಅದು ದಿನವೂ ನನ್ನ ಜೇಬಿನಲ್ಲಿರುತ್ತದೆ ಎಂಬುದು ಮೈ ಜುಮ್ಮೆನ್ನಿಸಿತು.

“ಬಾಯಿ ಮುಚ್ಕೋ, ನೊಣ ಹೋಗತ್ತೆ,” ಅಂದರು ಅತ್ತಿಗೆ. “ಹೀಗೇ ಬಿಟ್ರೆ ಸಣ್ಣ ಸಣ್ಣ ತಪ್ಪು ಕೂಡ್ಕೊಂಡು ಚಿತ್ರ ಕೆಡತ್ತೆ. ಈಗಷ್ಟೇ ನೋಡೋಕೆ ಬಂದವನಿಗಂತೂ ಹಿಂದಿನ ಚಿತ್ರನೇ ಇರಲ್ಲ. ಅದಕ್ಕೇ ಎರಡೆರಡು ಸೆಕೆಂಡಿಗೆ ಮತ್ತೊಂದು ಪೂರ್ತಿ ಚಿತ್ರ. ಗೋಡೆ ಚೊಕ್ಕ ಆಗೋದು ಆವಾಗ. ಅದೇ ನೀನು ನೋಡಿದ ಉಸಿರು. ಇದು ಬೆಳಗಿನ ಹೊತ್ತಿನ ತುಣುಕು. ಈಗ ಅದೇ ದಿನದ ಮಧ್ಯಾಹ್ನ ನೋಡು.”

ಚಿತ್ರ ಬದಲಾಯಿತು. ಅದೇ ಗೋಡೆ, ಅದೇ ಹಕ್ಕಿ. ನೆರಳು ಇರಬೇಕಾದ ಜಾಗದಲ್ಲೇ ಇತ್ತು. ಮಸುಕು, ಚೊಕ್ಕ. ಮಸುಕು, ಚೊಕ್ಕ.

“ನನಗೇನೂ ಬೇರೆ ಕಾಣ್ತಿಲ್ಲ.”

“ಕಾಣಲ್ಲ. ನನಗೂ ಕಂಡಿರ್ಲಿಲ್ಲ.”

ಅವರು ಇನ್ನೊಂದು ಪರದೆಯನ್ನು ನನ್ನತ್ತ ತಿರುಗಿಸಿದರು. ಅದರಲ್ಲಿ ಹಕ್ಕಿಯಿಲ್ಲ, ಗೆರೆಗಳಿವೆ. ಪ್ರತಿ ಚಿತ್ರದ ತೂಕಕ್ಕೆ, ಅಂದರೆ ಅದು ಹೊತ್ತು ತರುವ ಡೇಟಾಕ್ಕೆ, ಒಂದು ಗೆರೆ. ಪೂರ್ತಿ ಚಿತ್ರ ಬಂದ ಕಡೆ ಎತ್ತರದ ಕಂಬ. ಬದಲಾವಣೆಗಳು ಮಾತ್ರ ಬಂದ ಕಡೆ ಗಿಡ್ಡ ಹುಲ್ಲು. ಕಂಬ, ಹುಲ್ಲು, ಕಂಬ, ಹುಲ್ಲು. ಬೆಳಗಿನ ಭಾಗ ಹೊಲಕ್ಕೆ ಬೇಲಿ ಹಾಕಿದಷ್ಟು ಅಚ್ಚುಕಟ್ಟು.

ಅತ್ತಿಗೆ ಗೆರೆಗಳನ್ನು ಮಧ್ಯಾಹ್ನದ ಕಡೆಗೆ ಸರಿಸಿದರು.

ಕಂಬಗಳು ಹಾಗೇ ಇದ್ದವು. ಆದರೆ ಅಲ್ಲಲ್ಲಿ, ಹುಲ್ಲಿನ ನಡುವೆ, ಹುತ್ತ ಎದ್ದಂತೆ ಒಂದು ದಿಬ್ಬ. ಮುಂದೆ ಇನ್ನೊಂದು. ಅದರ ಮುಂದೆ ಇನ್ನೊಂದು.

“ಹಕ್ಕಿ ಅಲ್ಲಾಡಿರಬಹುದು,” ಅಂದೆ.

“ಗಡಿಯಾರ ನೋಡ್ಕೊಂಡು ಅಲ್ಲಾಡೋ ಹಕ್ಕಿ ಎಲ್ಲಾದ್ರೂ ಇದೆಯೇನೋ? ಅಳತೆ ಹಾಕು. ಎಲ್ಲ ದಿಬ್ಬಕ್ಕೂ ಒಂದೇ ಅಂತರ.”

ಅಳೆದೆ. ಒಂದೇ ಅಂತರ. ಕಂಬಗಳ ಅಂತರಕ್ಕೂ ಇದಕ್ಕೂ ಸಂಬಂಧವಿಲ್ಲ.

“ಇದು ಎರಡನೇ ಉಸಿರು,” ಅಂದರು ಅತ್ತಿಗೆ. ಅವರ ದನಿ ತಗ್ಗಿತ್ತು. “ಮೇಲಿಂದು ಗೋಪುರದ ಪೆಟ್ಟಿಗೇದು. ಒಳಗಿರೋದು ಬೇರೆ ಯಂತ್ರದ್ದು. ಆ ಮಧ್ಯಾಹ್ನ ಪೆಟ್ಟಿಗೆ ಮುಂದೆ ಇದ್ದದ್ದು ಹಕ್ಕಿ ಅಲ್ಲ. ಒಂದ್ಸಲ ಯಾವುದೋ ಯಂತ್ರ ಹೀಗೇ ಹಿಂಡಿ, ಚಿಕ್ಕದು ಮಾಡಿ ಇಟ್ಟಿದ್ದ ಹಕ್ಕಿಯ ರೆಕಾರ್ಡಿಂಗು. ಆ ಹಳೇ ಯಂತ್ರ ಪೂರ್ತಿ ಚಿತ್ರ ಹಾಕಿದ ಕಡೆಯಲ್ಲೆಲ್ಲ ಗೋಡೆ ಒಂಚೂರು ಹೊಸದಾಗತ್ತೆ. ಗೋಪುರದ ಪೆಟ್ಟಿಗೆ ಪಾಪ, ‘ಏನೋ ಬದಲಾಯ್ತು’ ಅಂತ ಅದನ್ನೂ ಬರೆದು ಕಳಿಸಿದೆ.”

ಸತ್ತ ಮಧ್ಯಾಹ್ನವೊಂದು ಜೀವಂತ ಮಧ್ಯಾಹ್ನದ ಒಳಗೆ ಉಸಿರಾಡುತ್ತಿತ್ತು. ಇಪ್ಪತ್ತು ಸಾವಿರ ಜನ ಅದರ ಮೇಲೆ ಕಣ್ಣು ನೆಟ್ಟು ಕೂತಿದ್ದರು. ಒಬ್ಬರಿಗೂ ತಿಳಿಯಲಿಲ್ಲ.

“ಹಾಗಾದ್ರೆ ಕಳ್ಳ ಕಸುಬು ಗೊತ್ತಿರೋನು,” ಅಂದೆ ಸುಧಾರಿಸಿಕೊಂಡು.

“ಆ ಕಸುಬಿಂದಲೇ ಸಿಕ್ಕಿಬಿದ್ದಿದಾನೆ. ಬಿಸಿಲು ಹೊಂದೋ ದಿನ ಆರಿಸಿದಾನೆ, ನೆರಳು ಹೊಂದಿಸಿದಾನೆ, ಗಾಳಿ ಸದ್ದು ಕೂಡ ಹೊಂದಿಸಿದಾನೆ. ಆದ್ರೆ ಹಿಂಡಿದ ಫೈಲು ಹಾಕಿದಾನೆ. ಹಿಂಡದೇ ಇರೋ ಫೈಲು ಹಾಕಿದ್ರೆ ನಾನು ನೂರು ವರ್ಷ ಕೂತಿದ್ರೂ ಸಿಗ್ತಿರ್ಲಿಲ್ಲ. ಆದ್ರೆ ನಮ್ಮ ಕಸುಬಲ್ಲಿ ಹಿಂಡದೇ ಇಡೋರು ಯಾರೂ ಇಲ್ಲ. ಜಾಗ ತಿನ್ನತ್ತೆ. ಹಿಂಡೋದು ನಮಗೆ ಚಟ. ಆ ಚಟಾನೇ ಅವನನ್ನ ಹಿಡ್ಕೊಟ್ಟಿರೋದು.”

ಹೀಗೆನ್ನುತ್ತ ಅವರೇ ದಿಬ್ಬಗಳ ಅಂತರವನ್ನು ಇನ್ನೊಮ್ಮೆ ಅಳೆದರು. ಮತ್ತೊಮ್ಮೆ ಅಳೆದರು. ಮೌಸಿನಿಂದ ಕೈ ತೆಗೆದು ಕುರ್ಚಿಗೆ ಒರಗಿದರು.

“ಏನಾಯ್ತು ಅತ್ತಿಗೆ?”

“ಏನಿಲ್ಲ. ನೀನು ಗೋಪುರ ಹತ್ತಿ ಪೆಟ್ಟಿಗೆ ನೋಡ್ಕೊಂಡು ಬಾ. ಅದರ ಬೆನ್ನಲ್ಲಿ ಎರಡು ತೂತಿದೆ. ಒಂದು ಕ್ಯಾಮೆರಾಕ್ಕೆ. ಇನ್ನೊಂದು ಕ್ಯಾಮೆರಾ ಕೆಟ್ರೆ ಬೇರೆ ಏನಾದ್ರೂ ಹಚ್ಚೋಕೆ. ಎರಡನೇದಕ್ಕೆ ಏನಾದ್ರೂ ಹಚ್ಚಿದ್ರಾ ನೋಡು. ನಾನು ಸ್ಟೇಷನ್ ಹತ್ರ ಸಿಗ್ತೀನಿ.”

ಅವರು ಎದ್ದು ಮುಖ ತೊಳೆಯಲು ಹೋದರು.

*

ಗಿರಣಿ ಮುಚ್ಚಿ ವರ್ಷಗಳಾಗಿವೆ. ಗೋಪುರದ ಗೋಡೆಯ ಬಿರುಕುಗಳಲ್ಲಿ ಇನ್ನೂ ಹಿಟ್ಟಿನ ಹಳದಿ ಹುಡಿ ಸಿಗುತ್ತದೆ. ಕಬ್ಬಿಣದ ಮೆಟ್ಟಿಲು ಸುತ್ತಿ ಸುತ್ತಿ ಏರುತ್ತದೆ. ಗಿರಣಿ ನಡೆಯುವಾಗ ಅಣ್ಣ ಅಲ್ಲಿ ಮೆಕ್ಯಾನಿಕ್ಕಾಗಿದ್ದ. ಮುಚ್ಚಿದ ಮೇಲೆ ಕಾವಲುಗಾರನಾಗಿ ಉಳಿದ. ಡೇಗೆಗಳನ್ನು ಮೊದಲು ನೋಡಿದವನೂ ಅವನೇ. ಮನೆಗೆ ಬಂದು ಹೆಂಡತಿಗೆ ಹೇಳಿದನಂತೆ, ‘ನೀನು ಯಾರ್ಯಾರದೋ ಮದುವೆ ತೋರಿಸ್ತೀಯ, ಇವುಗಳ ಸಂಸಾರ ತೋರ್ಸು.’

ಮೇಲಿನ ಕೋಣೆಯ ಬಾಗಿಲಲ್ಲಿ ಹಕ್ಕಿ ಮೇಷ್ಟ್ರು ಕೂತಿದ್ದರು. ನಿವೃತ್ತ ವಿಜ್ಞಾನ ಮೇಷ್ಟ್ರು, ಪಕ್ಷಿ ಸಂಘದ ಅಧ್ಯಕ್ಷರು, ಕೊರಳಲ್ಲಿ ದುರ್ಬೀನು. ಗೋಪುರದ ಎರಡನೇ ಕೀಲಿಕೈ ಅವರದು. ಹಾಗಾಗಿ ನನ್ನ ಸಂಶಯದ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಅದು ಅವರಿಗೂ ಗೊತ್ತಿತ್ತು.

“ಬಂದ್ಯಾ? ಇವತ್ತು ನನ್ನ ಯಾವ ಜೇಬು ನೋಡ್ತೀಯ?” ಅಂದರು.

“ಪೆಟ್ಟಿಗೆ ನೋಡ್ತೀನಿ ಮೇಷ್ಟ್ರೇ.”

ಪೆಟ್ಟಿಗೆ ಗೋಡೆಗೆ ಬಿಗಿದಿತ್ತು, ಊಟದ ಡಬ್ಬಿಗಿಂತ ದೊಡ್ಡದಲ್ಲ. ಅದರ ಮೇಲೆ, ವೈರಿನ ಮೇಲೆ, ಕಿಟಕಿಯ ಮೇಲೆ ಪಾರಿವಾಳದ ಧೂಳು ದಪ್ಪಗೆ ಕೂತಿತ್ತು. ಬೆನ್ನಿಗೆ ಟಾರ್ಚು ಹಿಡಿದೆ. ಮೊದಲ ತೂತಿನಲ್ಲಿ ಕ್ಯಾಮೆರಾದ ವೈರು, ಅದರ ಸುತ್ತ ಧೂಳು. ಎರಡನೆಯ ತೂತು ಖಾಲಿ. ಸುತ್ತ ಹೆಬ್ಬೆರಳಗಲ ಜಾಗ ಒರೆಸಿಟ್ಟಷ್ಟು ಸ್ವಚ್ಛ. ಕೆಳಗಿನ ಹಲಗೆಯ ಧೂಳಿನಲ್ಲಿ, ಏನೋ ಚಿಕ್ಕದೊಂದನ್ನು ಇಟ್ಟು ತೆಗೆದ ಚೌಕ.

ಇಲ್ಲಿ ಒಂದು ಯಂತ್ರವಿತ್ತು. ರೆಕಾರ್ಡಿಂಗ್ ನುಡಿಸಿತು. ಮುಗಿದಾಗ ಪೆಟ್ಟಿಗೆ ತಾನಾಗಿ ಕ್ಯಾಮೆರಾಕ್ಕೆ ಮರಳಿತು, ಚಿತ್ರ ತುಸು ಹೊತ್ತು ಸಿಕ್ಕಿಹಾಕಿಕೊಂಡಿದ್ದು ಅದಕ್ಕೇ. ಆಮೇಲೆ ಆ ಯಂತ್ರವನ್ನು ಯಾರೋ ತೆಗೆದುಕೊಂಡು ಹೋಗಿದ್ದಾರೆ.

“ಮೇಷ್ಟ್ರೇ, ಆ ಮಧ್ಯಾಹ್ನ ನೀವು ಎಲ್ಲಿದ್ರಿ?”

“ಮೂರು ಸಲ ಹೇಳಿದೀನಿ. ನಮ್ಮನೆ ತಾರಸಿ ಮೇಲೆ.” ಅವರು ಕೆಳಗೆ ಕೈ ತೋರಿದರು. ಗೋಪುರದ ಬುಡದಲ್ಲೇ ಅವರ ಮನೆ, ಬಟ್ಟೆ ಒಣಗಿಸಿದ ತಾರಸಿ.

“ಏನಾದ್ರೂ ಕಂಡ್ರಾ?”

“ಕಾಣಲಿಲ್ಲ.” ಅವರು ದುರ್ಬೀನಿನ ಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದರು. “ಕೇಳಿಸ್ತು.”

“ಏನು?”

“ಊಟ ಆಗಿತ್ತು, ತಟ್ಟೆ ತೊಳೀತಿದ್ದೆ. ಡೇಗೆ ಕಿರುಚ್ತು. ಮೊಟ್ಟೆ ಹತ್ರ ಯಾರಾದ್ರೂ ಬಂದ್ರೆ ಕಿರುಚ್ತಾವಲ್ಲ, ಹಾಗೆ. ಎದೆ ಹರಿದು ಹೋಗೋ ಹಾಗೆ. ನಾನು ತಟ್ಟೆ ಬಿಟ್ಟು ಫೋನ್ ತೆಗೆದೆ.” ಅವರು ಅಂಗೈಯನ್ನು ಫೋನಿನಂತೆ ಮುಖದ ಮುಂದೆ ಹಿಡಿದು ತೋರಿಸಿದರು. “ಫೋನಲ್ಲಿ ಹಕ್ಕಿ ತಣ್ಣಗೆ ಕೂತಿತ್ತು. ರೆಪ್ಪೆ ಮುಚ್ಚಿ ತೂಕಡಿಸ್ತಿತ್ತು.”

“ತಲೆ ಎತ್ತಿ ಮೇಲೆ ನೋಡ್ಲಿಲ್ವಾ?”

“ಇಲ್ಲ ಕಣಪ್ಪ. ವಯಸ್ಸಾಯ್ತು, ಕಿವಿ ಏನೇನೋ ಹೇಳತ್ತೆ ಅನ್ಕೊಂಡೆ. ತಲೆ ಮೇಲೆ ಹಕ್ಕಿ ಕಿರುಚ್ತಿತ್ತು. ನಾನು ಫೋನ್ ನಂಬ್ದೆ.”

ನಲವತ್ತು ವರ್ಷ ಹಕ್ಕಿಗಳ ದನಿ ಕೇಳಿದ ಕಿವಿ ಅದು. ಅದನ್ನೂ ಆ ಪರದೆ ಸೋಲಿಸಿತ್ತು. ನನಗೆ ಮೇಷ್ಟ್ರ ಮೇಲೆ ಸಿಟ್ಟು ಬರಲಿಲ್ಲ. ಆ ಸುಳ್ಳಿನ ಅಗಾಧತೆ ಕಂಡು ದಿಗಿಲಾಯಿತು.

ಆಗ ಹೊರಗೆ ಆಕಾಶ ಸೀಳಿದ ಸದ್ದು. ಕಿಟಕಿಗೆ ಹೋದೆ. ಎಲ್ಲೋ ಎತ್ತರದಲ್ಲಿ ಚುಕ್ಕೆಯಾಗಿದ್ದ ಡೇಗೆ ರೆಕ್ಕೆ ಒತ್ತಿಕೊಂಡು ನೇರ ಕೆಳಗೆ ಬಿತ್ತು. ಹಾರಿತು ಅನ್ನಲಾರೆ, ಬಿತ್ತು. ಗಿರಣಿಯ ಅಂಗಳದ ಮೇಲೆ ಪಾರಿವಾಳವೊಂದು ಗರಿಗಳ ಪುಟ್ಟ ಮೋಡವಾಗಿ ಒಡೆಯಿತು. ಡೇಗೆ ಬೇಟೆಯೊಡನೆ ಮೇಲೇರಿ ಬರಿದಾದ ಅಂಚಿಗೆ ಬಂದಿಳಿಯಿತು. ನನ್ನಿಂದ ಒಂದು ಮಾರು ದೂರ. ಅದರ ಕಪ್ಪು ಕಣ್ಣು ನನ್ನನ್ನು ಒಮ್ಮೆ ನೋಡಿ, ಲೆಕ್ಕಕ್ಕಿಡದೆ, ಬೇಟೆಯತ್ತ ತಿರುಗಿತು.

ಫೋನಿನಲ್ಲಿ ಅದೇ ದೃಶ್ಯ ಅರೆನಿಮಿಷ ತಡವಾಗಿ ಬಂತು: ಅಂಚಿಗೆ ಬಂದಿಳಿದ ಗಳಿಗೆಯಲ್ಲಿ ಪರದೆಯ ತುಂಬ ಬೂದು ಚೌಕಗಳು, ಆಮೇಲೆ ಕೂತ ಹಕ್ಕಿ. ಆ ವೇಗವನ್ನು ಹಿಂಡುವುದು ಯಾವ ಪೆಟ್ಟಿಗೆಯ ಕೈಲೂ ಆಗಿರಲಿಲ್ಲ.

“ಮೇಷ್ಟ್ರೇ, ಏಳಿ. ಕಿರುಚಿದ್ದು ಕೇಳಿಸ್ತು ಅಂತ ಸ್ಟೇಷನ್ನಲ್ಲಿ ಹೇಳಬೇಕು.”

“ನಗ್ತಾರೆ.”

“ನಗಲಿ.”

*

ಇನ್ಸ್‌ಪೆಕ್ಟರ್ ನಗಲಿಲ್ಲ. ಗಟ್ಟಿ ಹೆಂಗಸು. ಮೇಷ್ಟ್ರ ಹೇಳಿಕೆ ಪೂರ್ತಿ ಕೇಳಿಸಿಕೊಂಡರು, ಎರಡು ಪ್ರಶ್ನೆ ಹಾಕಿದರು, ಸಹಿ ಮಾಡಿಸಿ ಕಳಿಸಿದರು. ಆಮೇಲೆ ಅತ್ತಿಗೆಯ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತನ್ನ ಕಡೆ ತಿರುಗಿಸಿಕೊಂಡು, ಕನ್ನಡಕ ಹಣೆಗೇರಿಸಿ, ಗೋಡೆ ಉಸಿರಾಡುವುದನ್ನು ನೋಡಿದರು. ಬಹಳ ಹೊತ್ತು ನೋಡಿದರು.

“ಅಬ್ಬ,” ಅಂದರು ಮೆಲ್ಲಗೆ. “ನನ್ನ ಮಗಳು ದಿನಾ ಇದನ್ನ ನೋಡ್ಕೊಂಡೇ ಊಟ ಮಾಡೋದು.”

ಮೂಲೆಯ ಮೇಜಿನಲ್ಲಿ ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ಪೇದೆ ಕೂತಿದ್ದ. ನಯವಾದ ಮಾತಿನ ಮನುಷ್ಯ. ನಮಗೆ ಕುರ್ಚಿ ಹಾಕಿಸಿದವನೂ, ಲಾಕಪ್ಪಿನಿಂದ ಅಣ್ಣನನ್ನು ತೋಳು ಹಿಡಿದು ಕರೆತಂದವನೂ ಅವನೇ. ಅಣ್ಣನ ಕೆನ್ನೆ ಇನ್ನೂ ಊದಿತ್ತು. ಗಡ್ಡ ಬಂದಿತ್ತು. ಅತ್ತಿಗೆಯನ್ನು ನೋಡಿ, “ಊಟ ಮಾಡಿದ್ಯಾ?” ಅಂದ.

“ನನ್ನ ಊಟದ ಚಿಂತೆ ಬಿಡಿ. ಇಲ್ಲಿ ಕೂತ್ಕೊಂಡು ಕೇಳಿ,” ಅಂದರು ಅತ್ತಿಗೆ.

ಅವರು ಕಂಬ, ಹುಲ್ಲು, ದಿಬ್ಬ ಎಲ್ಲವನ್ನೂ ಮತ್ತೆ ವಿವರಿಸಿದರು. ನಾನು ಪೆಟ್ಟಿಗೆಯ ಬೆನ್ನಿನ ಫೋಟೊ ತೋರಿಸಿದೆ. ಪೇದೆಯ ಪೆನ್ನು ಸರಸರ ಓಡುತ್ತಿತ್ತು.

“ಅಂದ್ರೆ ಮೊಟ್ಟೆ ಹೋಗಿದ್ದು ಊಟದ ಹೊತ್ತಿನ ಆಚೆ ಈಚೆ,” ಅಂದರು ಇನ್ಸ್‌ಪೆಕ್ಟರ್. “ಆಗ ಇವರ ಬಾಯಲ್ಲಿ ಡಾಕ್ಟರ ಇಕ್ಕಳ ಇತ್ತು. ಅದನ್ನ ನಾನೇ ವಿಚಾರಿಸಿದೀನಿ.”

“ಅಷ್ಟೇ ನಮಗೆ ಬೇಕಾಗಿದ್ದು ಮೇಡಂ,” ಅಂದೆ. ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಹೆಗಲು ಸಡಿಲವಾಯಿತು.

ಇನ್ಸ್‌ಪೆಕ್ಟರ್ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆದಿರಲಿಲ್ಲ. “ಈ ದಿಬ್ಬಗಳ ನಡುವೆ ಇಷ್ಟೇ ಅಂತರ ಇರಬೇಕು ಅಂತ ಯಾರು ಗೊತ್ತು ಮಾಡ್ತಾರೆ?”

“ರೆಕಾರ್ಡ್ ಮಾಡಿದೋರು,” ಅಂದರು ಅತ್ತಿಗೆ.

“ಎಲ್ಲರೂ ಇಷ್ಟೇ ಇಡ್ತಾರಾ?”

“ಇಲ್ಲ. ಗೋಪುರದ ಲೈವ್ ಎರಡು ಸೆಕೆಂಡಿಂದು. ಇದು ಅದಕ್ಕಿಂತ ತುಂಬ ಉದ್ದ. ಇಷ್ಟು ಉದ್ದ ಇಟ್ರೆ ಫೈಲು ಚಿಕ್ಕದಾಗತ್ತೆ, ಆದ್ರೆ ಹಿಂದೆ ಮುಂದೆ ಎಳೆದು ನೋಡೋದು ಕಷ್ಟ. ಅದಕ್ಕೇ ಯಾರೂ ಇಡಲ್ಲ.”

“ಯಾರೂ ಇಡಲ್ಲ ಅಂದ್ರೆ ಇದನ್ನ ಇಟ್ಟೋರು ಯಾರು?”

ಅತ್ತಿಗೆ ಬೆನ್ನು ನೇರ ಮಾಡಿ ಕೂತರು.

“ನಾನು,” ಅಂದರು.

ಪೇದೆಯ ಪೆನ್ನು ನಿಂತಿತು.

“ಇದು ನನ್ನ ಸ್ಟುಡಿಯೋದ ರೆಕಾರ್ಡಿಂಗು ಮೇಡಂ. ಗೋಪುರದಿಂದ ನನಗೆ ಬೇರೆ ಒಂದು ವಿಡಿಯೋ ಎಳೆ ಬರತ್ತೆ, ಅದನ್ನ ಅಲ್ಲಿ ತುಂಬಿಡ್ತೀನಿ. ಈ ಅಂತರ ನನ್ನ ಮೆಷಿನ್ ಬಿಟ್ರೆ ಬೇರೆಲ್ಲೂ ನಾನು ನೋಡಿಲ್ಲ.”

“ಇಲ್ಲಿಗೆ ಬರೋ ಮುಂಚೆ ಗೊತ್ತಿತ್ತಾ?”

“ಇವನ ಪಕ್ಕ ಕೂತು ಅಳೆದಾಗಲೇ ಗೊತ್ತಾಯ್ತು.”

“ಆದ್ರೂ ತಂದ್ರಿ.”

“ತರದೆ? ಬಿಟ್ರೆ ನಾಳೆ ಇವರನ್ನ ಜೈಲಿಗೆ ಕಳಿಸ್ತೀರ. ಇವರು ತೆಗೆದಿಲ್ಲ.”

“ನೀವು ತೆಗೆದ್ರಾ?”

“ಇಲ್ಲ.”

“ಆ ಮಧ್ಯಾಹ್ನ ಎಲ್ಲಿದ್ರಿ?”

“ಸ್ಟುಡಿಯೋದಲ್ಲಿ. ಒಬ್ಬಳೇ.”

“ಸ್ಟುಡಿಯೋ ಕೀಲಿಕೈ?”

“ನನ್ನ ಹತ್ರ ಒಂದು. ಇವರ ಹತ್ರ ಒಂದು.”

ನನಗೆ ಕುರ್ಚಿಯಿಂದ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಈ ಹೆಂಗಸು ಗಂಡನನ್ನು ಬಿಡಿಸುವ ಸಾಕ್ಷ್ಯ ಹುಡುಕಿದ್ದರು. ಅದರ ಬಾಲದಲ್ಲಿ ತನ್ನದೇ ಹೆಸರು ಕಂಡಿದ್ದರು. ಅಳಿಸಬಹುದಿತ್ತು. ದಿಬ್ಬಗಳ ಅಂತರದ ಮಾತೆತ್ತದೆ ಬಿಡಬಹುದಿತ್ತು. ಮುಖ ತೊಳೆದುಕೊಂಡು ಇಲ್ಲಿಗೆ ಬಂದಿದ್ದರು. ಗೋಪುರದಲ್ಲಿ ಕಂಡ ಆ ಕಪ್ಪು ಕಣ್ಣಿನ ಮುಂದೆ ನಿಂತಾಗಲೂ ನನಗೆ ಇಷ್ಟು ಅಳುಕಾಗಿರಲಿಲ್ಲ.

ಇನ್ಸ್‌ಪೆಕ್ಟರ್ ಕನ್ನಡಕವನ್ನು ಮೇಜಿನ ಮೇಲಿಟ್ಟರು. “ನಿಮ್ಮನ್ನ ಠಾಣೇಲೇ ಕೂರಿಸ್ಕೋಬೇಕಾಗತ್ತೆ,” ಅಂದರು. ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ.

“ಗೊತ್ತು.”

“ಮೇಡಂ,” ಅಂದ ಅಣ್ಣ.

ಲಾಕಪ್ಪಿಗೆ ಹೋದಾಗಿನಿಂದ ಅವನು ಆಡಿದ್ದು ಒಂದೇ ಮಾತು: ನಾನು ಮುಟ್ಟಿಲ್ಲ. ಯಾರು ಎಷ್ಟು ಸಲ ಕೇಳಿದರೂ ಅದೇ. ಈಗ ಅವನು ನೆಲ ನೋಡುತ್ತ, ಊದಿದ ಬಾಯಿಂದ, ಪಾಠ ಒಪ್ಪಿಸುವವನಂತೆ ಹೇಳಿದ:

“ಬರ್ಕೊಳ್ಳಿ. ರೆಕಾರ್ಡಿಂಗ್ ಕದ್ದಿದ್ದು ನಾನು. ಪೆಟ್ಟಿಗೆಗೆ ಹಚ್ಚಿದ್ದು ನಾನು. ಹಚ್ಚಿ ಹಲ್ಲಿನ ಡಾಕ್ಟರ ಹತ್ರ ಹೋದೆ. ಮೊಟ್ಟೆ ತೆಗೆಯೋಕೆ ಬೇರೆಯವರನ್ನ ಕಳಿಸಿದ್ದೆ. ಯಾರು ಅಂತ ಹೇಳಲ್ಲ. ಇವಳಿಗೇನೂ ಗೊತ್ತಿಲ್ಲ.”

“ಅಣ್ಣಾ, ತಲೆ ಕೆಟ್ಟಿದೆಯಾ ನಿನಗೆ?” ಅಂದೆ.

“ನೀನು ಸುಮ್ನಿರು.”

ಅತ್ತಿಗೆ ಅವನನ್ನು ದಿಟ್ಟಿಸಿದರು. ಕೋಪವಿರಲಿಲ್ಲ. ತನ್ನನ್ನು ಉಳಿಸಲು ಸುಳ್ಳು ಹೇಳುವ ಮಗುವನ್ನು ನೋಡುವ ನೋಟ ಅದು.